ಬಾಣ ನೆಟ್ಟವನ ಮುಖದಲ್ಲಿ ನೋವೇಕಿಲ್ಲ?

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ನಮಗೆ ಪರಿಚಯದ ಒಂದು ರೈತ ಕುಟುಂಬವಿದೆ. ಆ ಮನೆಯ ಮೊಮ್ಮಗ ಮಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮೊಹರಮ್ಮಿಗೆಂದು ಊರಿಗೆ ಬಂದವನು ಚೀಲದಲ್ಲಿ ಒಂದು ಕ್ಯಾಲೆಂಡರ್ ತಂದಿದ್ದ. ಗೆಳೆಯರ ಜೊತೆ ಇಗರ್ಜಿಯೊಂದರ ಹಬ್ಬಕ್ಕೆ ಹೋದಾಗ ಸಿಕ್ಕಿದ್ದಂತೆ. ಅದರ ಮೇಲೆ ಸಂತ ಸೆಬಾಸ್ಟಿಯನ್ನನ ಚಿತ್ರ: ಕಂಬಕ್ಕೆ ಕಟ್ಟಿದ ತರುಣ, ಮೈತುಂಬ ಬಾಣಗಳು, ಆಕಾಶದತ್ತ ಎತ್ತಿದ ಶಾಂತವಾದ ಕಣ್ಣುಗಳು. ಪಡಸಾಲೆಯಲ್ಲಿ ಗೋಧಿ ಹಸನು ಮಾಡುತ್ತ ಕೂತಿದ್ದ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಇಷ್ಟ್ ಬಾಣ ನಟ್ಟಾವ. ಮುಖದಾಗ ಒಂದೀಟೂ ನೋವ ಕಾಣವಲ್ದು. ಯಾಕೋ ತಮ್ಮಾ?”

“ಅವ್ರು ಸಂತರು ಆಯೀ. ಸಂತರಿಗೆ ನೋವ ಆಗಂಗಿಲ್ಲ” ಎಂದ ಮೊಮ್ಮಗ.

“ನೋವ ಆಗದಿದ್ರ ಅದೇನ್ ದೊಡ್ಡದು?” ಎಂದು ಅಜ್ಜಿ ಕ್ಯಾಲೆಂಡರನ್ನು ಮಗ್ಗುಲಿಗಿಟ್ಟು ಮತ್ತೆ ಮೊರ ಹಿಡಿದರು.

ಕಲಾವಿಮರ್ಶೆಯ ದೊಡ್ಡ ಗ್ರಂಥಗಳು ಪುಟಗಟ್ಟಲೆ ಬರೆದರೂ ತಪ್ಪಿಸಿಕೊಳ್ಳುವ ಪ್ರಶ್ನೆಯೊಂದನ್ನು ಅಕ್ಷರ ಕಲಿಯದ ಆ ಹಿರಿಯರು ಎರಡು ಮಾತಿನಲ್ಲಿ ಕೇಳಿಬಿಟ್ಟಿದ್ದರು. ಯುರೋಪಿನಲ್ಲಿ ಪುನರುಜ್ಜೀವನದ ಕಾಲವೆಂದು ಕರೆಯುವ 15 ಮತ್ತು 16ನೇ ಶತಮಾನಗಳಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಸಂತರ ಚಿತ್ರಗಳು ಅಸಂಖ್ಯವಾಗಿ ಬಂದವು. ಇಂದಿನ ಕ್ಯಾಲೆಂಡರುಗಳಿಗೂ ಇಗರ್ಜಿಯ ಗೋಡೆಗಳಿಗೂ ಅವೇ ಮೂಲ. ಆ ಚಿತ್ರಗಳನ್ನು ಹೇಗೆ ನೋಡಬೇಕು? ಅವುಗಳಲ್ಲಿ ಯಾವುದು ಸತ್ಯ, ಯಾವುದು ಬರೀ ಅಂದ? ಅಜ್ಜಿಯ ಪ್ರಶ್ನೆಯನ್ನೇ ಅಳತೆಗೋಲಾಗಿ ಹಿಡಿದು ಇದನ್ನು ಪರಿಶೀಲಿಸೋಣ ಎನಿಸಿತು.

ಮೊದಲು ಪದದ ವಿಷಯ. ಕನ್ನಡದಲ್ಲಿ ನಾವು ‘ಹುತಾತ್ಮ’ ಎನ್ನುತ್ತೇವೆ. ಬೆಂಕಿಗೆ ಆಹುತಿ ಕೊಡುವ ಚಿತ್ರ ಆ ಪದದೊಳಗಿದೆ. ಆದರೆ ಕ್ರೈಸ್ತರು ಬಳಸುವ ‘ಮಾರ್ಟಿರ್’ ಎಂಬ ಪದಕ್ಕೆ ಮೂಲ ಗ್ರೀಕಿನಲ್ಲಿ ‘ಸಾಕ್ಷಿ’ ಎಂದರ್ಥ. ಅರಬಿಯ ‘ಶಹೀದ್’ ಪದದ ಬೇರಿನಲ್ಲಿರುವುದೂ ಸಾಕ್ಷ್ಯವೇ. ಬಲಿಯಾದವನಿಗೂ ಸಾಕ್ಷಿಗೂ ಬಹಳ ಅಂತರವಿದೆ. ಬಲಿಯಾದವನ ಮೇಲೆ ಕನಿಕರ ಪಡಬಹುದು, ಅವನ ಹೆಸರಿನಲ್ಲಿ ಸೇಡು ತೀರಿಸಿಕೊಳ್ಳಲು ಹೊರಡಬಹುದು. ಸಾಕ್ಷಿ ಹೇಳಿದವನ ಮುಂದೆ ಹಾಗಾಗುವುದಿಲ್ಲ. ಆತ ಏನು ಹೇಳಿದ, ಅದು ನಿಜವೇ, ನಾವು ಯಾವ ಕಡೆ ನಿಂತಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಹುತಾತ್ಮನ ಚಿತ್ರವೊಂದರ ಬೆಲೆ ಇರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಅದು ನಮಗೆ ಬಲಿಯನ್ನು ತೋರಿಸುತ್ತದೆಯೋ, ಸಾಕ್ಷಿಯನ್ನೋ?

ಈ ಚಿತ್ರಪರಂಪರೆ ಕರ್ನಾಟಕಕ್ಕೆ ಬಂದ ದಾರಿಯೊಂದು ಸ್ಪಷ್ಟವಾಗಿ ಕಾಣುವುದು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ. 1880ರಲ್ಲಿ ಜೆಸುಯಿಟ್ ಪಾದ್ರಿಗಳು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿಗೆ ಸೇರಿದ ಈ ಪ್ರಾರ್ಥನಾಲಯದ ಗೋಡೆ, ಕಮಾನು, ಛಾವಣಿಗಳೆಲ್ಲ ಚಿತ್ರಮಯ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ಒಂದು ಕಡೆ, ಕ್ಯಾನ್ವಾಸಿನ ಮೇಲಿನ ತೈಲವರ್ಣ ಇನ್ನೊಂದು ಕಡೆ. ಇದನ್ನು ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೇನಿ. 1854ರಲ್ಲಿ ಬೆರ್ಗಮೊ ನಗರದ ಬಳಿ ಹುಟ್ಟಿದ ಇವರು ಚಿತ್ರಕಾರರಾಗಿ ಹೆಸರು ಮಾಡಿದ ಮೇಲೆ ಜೆಸುಯಿಟ್ ಸಂಘವನ್ನು ಸೇರಿದರು. ಪಾದ್ರಿಯಾಗದೆ ಸಾಮಾನ್ಯ ಸಹೋದರರಾಗಿಯೇ ಉಳಿದರು. 1898ರಲ್ಲಿ ಮಂಗಳೂರಿಗೆ ಬಂದು, ನಂತರದ ಎರಡು ಮೂರು ವರ್ಷಗಳಲ್ಲಿ ಈ ಚಾಪೆಲನ್ನು ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಊರಿಗೆ ಮರಳಲೇ ಇಲ್ಲ.

ಮೊಸ್ಕೇನಿ ಪುನರುಜ್ಜೀವನ ಕಾಲದವರಲ್ಲ, ಅದಾಗಿ ಮುನ್ನೂರು ವರ್ಷಗಳ ನಂತರದವರು. ಆದರೆ ಅವರು ಚಿತ್ರಕಲೆ ಕಲಿತದ್ದು ಬೆರ್ಗಮೊದ ಕರ್ರಾರ ಅಕಾಡೆಮಿಯಲ್ಲಿ. ಆ ಅಕಾಡೆಮಿಯ ಸಂಗ್ರಹಾಲಯಕ್ಕೆ 1866ರಲ್ಲಿ ಒಂದು ಪುಟ್ಟ ಚಿತ್ರ ಬಂದು ಸೇರಿತ್ತು. ಸುಮಾರು ಒಂದೂವರೆ ಅಡಿ ಎತ್ತರದ ಮರದ ಹಲಗೆಯ ಮೇಲೆ ರಾಫೆಲ್ ಬರೆದ ಸಂತ ಸೆಬಾಸ್ಟಿಯನ್. ಬರೆದದ್ದು 1501-02ರ ಸುಮಾರಿಗೆ. ಆಗ ರಾಫೆಲ್ಲನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮಂಗಳೂರಿನ ಗೋಡೆಗಳಿಗೆ ಬಣ್ಣ ಹಚ್ಚಿದ ಕೈ ಪಳಗಿದ್ದು ಆ ಚಿತ್ರವಿದ್ದ ಆವರಣದಲ್ಲಿ.

ಆ ಚಿತ್ರವನ್ನು ನೋಡಿದರೆ ದೇವಿಕೊಪ್ಪದ ಅಜ್ಜಿ ಇನ್ನಷ್ಟು ಬೆರಗಾದಾರು. ಅದರಲ್ಲಿ ಕಂಬವಿಲ್ಲ, ಹಗ್ಗವಿಲ್ಲ, ಗಾಯವಿಲ್ಲ, ಒಂದು ಹನಿ ರಕ್ತವಿಲ್ಲ. ಕಸೂತಿಯ ಅಂಗಿ ತೊಟ್ಟು ಕೆಂಪು ಮೇಲುವಸ್ತ್ರ ಹೊದ್ದ ಒಬ್ಬ ತರುಣ. ಹಿಂದೆ ತಿಳಿಯಾದ ಆಕಾಶ, ತಲೆಯ ಸುತ್ತ ಕೂದಲೆಳೆಯಷ್ಟು ತೆಳುವಾದ ಪ್ರಭಾವಳಿ. ಬಲಗೈಯ ಬೆರಳುಗಳ ನಡುವೆ ಒಂದೇ ಒಂದು ಬಾಣ. ಅದನ್ನಾತ ಹಿಡಿದಿರುವ ರೀತಿ ನೋಡಿದರೆ ಲೇಖನಿ ಎನ್ನಬೇಕು. ಆ ಬಾಣವೊಂದನ್ನು ತೆಗೆದರೆ ಇದು ಯಾವುದೋ ಶ್ರೀಮಂತರ ಮನೆಯ ಹುಡುಗನ ಭಾವಚಿತ್ರ. ಬಹುಶಃ ಎದುರಿಗೆ ಕೂರಿಸಿಕೊಂಡು ಬರೆದದ್ದು ಅಂಥ ಹುಡುಗನನ್ನೇ ಇರಬೇಕು. ಮೂರನೇ ಶತಮಾನದ ರೋಮನ್ ಸೈನ್ಯಾಧಿಕಾರಿಯ ಮುಖವನ್ನು ರಾಫೆಲ್ ನೋಡಿರಲು ಹೇಗೆ ಸಾಧ್ಯ?

ಸೆಬಾಸ್ಟಿಯನ್ನನ ಕಥೆ ಹೀಗಿದೆ. ಚಕ್ರವರ್ತಿ ಡಯೊಕ್ಲೀಶಿಯನ್ನನ ಸೈನ್ಯದಲ್ಲಿದ್ದ ಆತ ಕ್ರೈಸ್ತನೆಂದು ಗೊತ್ತಾದಾಗ ಬಾಣಗಳಿಂದ ಕೊಲ್ಲಲು ಆಜ್ಞೆಯಾಯಿತು. ಸತ್ತನೆಂದು ಬಿಟ್ಟುಹೋದರು. ಐರೀನ್ ಎಂಬ ವಿಧವೆ ಶವ ತರಲು ಹೋದಾಗ ಉಸಿರಾಡುತ್ತಿದ್ದ, ಆಕೆ ಶುಶ್ರೂಷೆ ಮಾಡಿ ಬದುಕಿಸಿದಳು. ಗುಣವಾದ ಮೇಲೆ ಆತ ಓಡಿಹೋಗಲಿಲ್ಲ. ಚಕ್ರವರ್ತಿಯ ಮುಂದೆ ಹೋಗಿ ನಿಂತು ನೀನು ಮಾಡುತ್ತಿರುವುದು ಅನ್ಯಾಯ ಎಂದ. ಈ ಸಲ ಬಡಿಗೆಯಿಂದ ಹೊಡೆದು ಕೊಂದರು. ಅಂದರೆ ಸೆಬಾಸ್ಟಿಯನ್ ಸತ್ತದ್ದು ಬಾಣಗಳಿಂದಲ್ಲ. ಈ ಸಂಗತಿ ತಿಳಿದ ಮೇಲೆ ರಾಫೆಲ್ಲನ ಚಿತ್ರದ ಅರ್ಥ ಬದಲಾಗುತ್ತದೆ. ಕೈಯಲ್ಲಿ ಬಾಣ ಹಿಡಿದು ನಮ್ಮೆದುರು ನಿಂತಿರುವವನು ಬಾಣಗಳನ್ನು ದಾಟಿ ಬಂದವನು. ತನ್ನನ್ನು ಕೊಲ್ಲಬೇಕಾಗಿದ್ದ ವಸ್ತು ಈಗ ಅವನ ಕೈಯಲ್ಲಿ ಸಾಕ್ಷ್ಯದ ಕಾಗದ.

ಯುರೋಪಿನ ಚಿತ್ರಸಂಪ್ರದಾಯದಲ್ಲಿ ಹುತಾತ್ಮರನ್ನು ಗುರುತಿಸುವುದೇ ಹೀಗೆ. ಅವರನ್ನು ಕೊಂದ ಆಯುಧವೇ ಅವರ ವಿಳಾಸ. ಕತ್ತಿ ಹಿಡಿದವನು ಪೌಲ, ಗುಣಾಕಾರದ ಗುರುತಿನಂಥ ಶಿಲುಬೆಯ ಬಳಿ ಇರುವವನು ಆಂದ್ರೆಯ, ಚರ್ಮ ಸುಲಿಯುವ ಚೂರಿ ಹಿಡಿದವನು ಬಾರ್ತೊಲೊಮಾಯ, ಕಬ್ಬಿಣದ ಝರಡಿಯ ಪಕ್ಕ ನಿಂತವನು ಲಾರೆನ್ಸ್. ಓದು ಬಾರದ ಜನರಿಗೆ ಇದು ಅಕ್ಷರಮಾಲೆಯಿದ್ದಂತೆ. ಹೀಗಾಗಿ ಅಜ್ಜಿಯ ಮೊದಲ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ಚಿತ್ರಕಾರ ಬರೆಯುತ್ತಿರುವುದು ಸಾಯುವ ಗಳಿಗೆಯನ್ನಲ್ಲ, ಸಾವನ್ನು ಗೆದ್ದ ನಂತರದ ಮುಖವನ್ನು.

ಆದರೆ ಅವರ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು. ನೋವಾಗದಿದ್ದರೆ ಅದರಲ್ಲಿ ದೊಡ್ಡದೇನಿದೆ?

ಇದಕ್ಕೆ ಉತ್ತರ ಕೊಡಲು ಯತ್ನಿಸಿದವನು ಮಾಂಟೆನ್ಯಾ. ಇಟಲಿಯ ಮಂಟುವಾ ನಗರವನ್ನು ಆಳುತ್ತಿದ್ದ ಗೊನ್ಜಾಗ ವಂಶದ ಆಸ್ಥಾನ ಚಿತ್ರಕಾರನಾಗಿದ್ದ ಈತ ಸೆಬಾಸ್ಟಿಯನ್ನನನ್ನು ಮೂರು ಬಾರಿ ಬರೆದ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವುದು 1480ರ ಸುಮಾರಿನದು, ಎಂಟು ಅಡಿಗೂ ಹೆಚ್ಚು ಎತ್ತರದ್ದು. ಮುರಿದ ರೋಮನ್ ಕಂಬಕ್ಕೆ ಸಂತನನ್ನು ಕಟ್ಟಲಾಗಿದೆ. ಕಲ್ಲಿನಷ್ಟು ಗಟ್ಟಿಯಾದ ದೇಹವನ್ನು ಬಾಣಗಳು ನಿಜವಾಗಿಯೂ ತೂರಿವೆ. ಅವನ ಜೀವಂತ ಪಾದದ ಪಕ್ಕದಲ್ಲೇ ಯಾವುದೋ ಮೂರ್ತಿಯ ಮುರಿದ ಕಲ್ಲಿನ ಪಾದ ಬಿದ್ದಿದೆ. ಸಾಮ್ರಾಜ್ಯದ ಕಾಲು ಮುರಿದುಬಿದ್ದಿದೆ, ಅದು ಕೊಲ್ಲಲು ಹೊರಟವನ ಕಾಲು ನಿಂತಿದೆ ಎಂಬುದು ಮಾತಿಲ್ಲದೆ ಅರ್ಥವಾಗುತ್ತದೆ. ಬಾಣ ಬಿಟ್ಟವರಿಬ್ಬರು ಚಿತ್ರದ ಕೆಳಗಿನ ಮೂಲೆಯಲ್ಲಿದ್ದಾರೆ. ಅವರ ತಲೆ ಮತ್ತು ಎದೆಯಷ್ಟೇ ಕಾಣುತ್ತದೆ, ಉಳಿದದ್ದನ್ನು ಚೌಕಟ್ಟು ಕತ್ತರಿಸಿದೆ. ಅವರು ಕೆಲಸ ಮುಗಿಸಿ ಹೊರಟವರಂತೆ ಮಾತಾಡಿಕೊಳ್ಳುತ್ತಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ ಅವರು ನಮ್ಮ ಕಡೆಯ ಅಂಚಿನಲ್ಲಿದ್ದಾರೆ. ಚಿತ್ರದ ಮುಂದೆ ನಿಂತ ನಮಗೆ ಸಂತನಿಗಿಂತ ಅವರೇ ಹತ್ತಿರ. ಕೊಂದವರು ಯಾವುದೋ ಪರಲೋಕದ ರಾಕ್ಷಸರಲ್ಲ, ನಮ್ಮ ಪಕ್ಕದಲ್ಲಿ ನಿಂತಿರಬಹುದಾದ ಮನುಷ್ಯರು ಎಂದು ಮಾಂಟೆನ್ಯಾ ಹೇಳುತ್ತಾನೆ. ಸಾಕ್ಷಿಯ ಚಿತ್ರವೆಂದರೆ ಇದು.

ಎಲ್ಲ ಚಿತ್ರಗಳೂ ಈ ಎತ್ತರದಲ್ಲಿಲ್ಲ. ಚಿತ್ರಕಾರರಿಗೆ ಮನುಷ್ಯದೇಹದ ಅಂದವನ್ನು ಬರೆಯುವ ಹುಮ್ಮಸ್ಸು ಬಂದ ಕಾಲವದು. ಸೆಬಾಸ್ಟಿಯನ್ ಅದಕ್ಕೊಂದು ನೆಪವಾದ. ಫ್ರಾ ಬಾರ್ತೊಲೊಮಿಯೊ ಎಂಬ ಸನ್ಯಾಸಿ ಚಿತ್ರಕಾರ ಫ್ಲಾರೆನ್ಸಿನಲ್ಲಿ ಬರೆದ ಸೆಬಾಸ್ಟಿಯನ್ನನನ್ನು ಇಗರ್ಜಿಯಲ್ಲಿಟ್ಟಾಗ, ಅದನ್ನು ನೋಡಿ ತಮ್ಮ ಮನಸ್ಸು ಕೆಡುತ್ತಿದೆ ಎಂದು ಹೆಂಗಸರು ಪಾಪನಿವೇದನೆ ಮಾಡಿಕೊಂಡರಂತೆ, ಪಾದ್ರಿಗಳು ಚಿತ್ರವನ್ನೇ ಅಲ್ಲಿಂದ ತೆಗೆಸಿದರಂತೆ. ಆ ಕಾಲದ ಕಲಾವಿದರ ಚರಿತ್ರೆ ಬರೆದ ವಸಾರಿ ಈ ಪ್ರಸಂಗವನ್ನು ದಾಖಲಿಸಿದ್ದಾನೆ. ತಪ್ಪು ಹೆಂಗಸರದೆಂದು ನಾವು ಭಾವಿಸುವುದಿಲ್ಲ. ನೋವನ್ನು ಅಳಿಸಿ ಅಂದವನ್ನಷ್ಟೇ ಉಳಿಸಿದ ಚಿತ್ರ ಮತ್ತೇನನ್ನು ಹೇಳೀತು? ಅಜ್ಜಿಯ ಆಕ್ಷೇಪ ಇಲ್ಲಿ ನೇರವಾಗಿ ತಾಗುತ್ತದೆ.

ಅಂದ ಮಾಡುವುದು ಸಣ್ಣ ತಪ್ಪು. ದೊಡ್ಡ ತಪ್ಪು ಬೇರೊಂದಿದೆ. 1475ರಲ್ಲಿ ಉತ್ತರ ಇಟಲಿಯ ಟ್ರೆಂಟ್ ಪಟ್ಟಣದಲ್ಲಿ ಸೀಮೋನ್ ಎಂಬ ಎರಡು ವರ್ಷದ ಮಗು ಕಾಣೆಯಾಗಿ ಶವವಾಗಿ ಸಿಕ್ಕಿತು. ಯಹೂದಿಗಳು ತಮ್ಮ ಹಬ್ಬಕ್ಕೆ ಮಗುವಿನ ರಕ್ತ ಬೇಕೆಂದು ಕೊಂದರು ಎಂಬ ಸುದ್ದಿ ಹಬ್ಬಿತು. ಊರಿನ ಯಹೂದಿ ಗಂಡಸರನ್ನು ಹಿಡಿದು, ಚಿತ್ರಹಿಂಸೆ ಕೊಟ್ಟು, ತಪ್ಪೊಪ್ಪಿಗೆ ಹೊರಡಿಸಿ ಹಲವರನ್ನು ಕೊಂದರು. ಮಗುವನ್ನು ಹುತಾತ್ಮನೆಂದು ಪೂಜಿಸತೊಡಗಿದರು. ಆಗಷ್ಟೇ ಅಚ್ಚುಕೂಟ ಬಂದಿತ್ತು. ಮಗುವನ್ನು ಸುತ್ತುವರಿದು ಚುಚ್ಚುತ್ತಿರುವ ಯಹೂದಿಗಳ ಚಿತ್ರ ಅಚ್ಚಾಗಿ ಊರೂರು ತಿರುಗಿತು. 1493ರ ಪ್ರಸಿದ್ಧ ನ್ಯೂರೆಂಬರ್ಗ್ ಚರಿತ್ರೆಯ ಪುಸ್ತಕದಲ್ಲೂ ಅದಿದೆ. ಆ ಚಿತ್ರದಲ್ಲಿ ನಮ್ಮ ಕಣ್ಣು ಹೋಗುವುದು ಮಗುವಿನ ಮುಖದತ್ತ ಅಲ್ಲ, ಕೊಲ್ಲುವವರ ಮುಖದತ್ತ, ಅವರ ಗುರುತಿನತ್ತ. ಕೊಲೆಗಾರರ ಹೆಸರುಗಳನ್ನೂ ಅದರಲ್ಲಿ ಅಚ್ಚು ಹಾಕಿದ್ದಾರೆ. ಇಡೀ ಕಥೆ ಸುಳ್ಳೆಂದು ಒಪ್ಪಿ ಕ್ಯಾಥೋಲಿಕ್ ಸಭೆ ಆ ಆರಾಧನೆಯನ್ನು ನಿಲ್ಲಿಸಿದ್ದು 1965ರಲ್ಲಿ. ಅಷ್ಟರೊಳಗೆ 490 ವರ್ಷಗಳು ಕಳೆದಿದ್ದವು.

ಮೊಬೈಲಿನಲ್ಲಿ ಬರುವ ರಕ್ತಸಿಕ್ತ ಫೋಟೋಗಳನ್ನು ಯೋಚಿಸದೆ ಮುಂದಕ್ಕೆ ಕಳಿಸುವ ನಮಗೆ ಈ ಕಥೆ ಹಳೆಯದೆನಿಸಬಾರದು. ಒಂದು ಶವದ ಚಿತ್ರದ ಕೆಳಗೆ ಒಂದು ಸಮುದಾಯದ ಹೆಸರು ಬರೆದರೆ ಸಾಕು, ಮಿಕ್ಕ ಕೆಲಸ ತಾನಾಗಿ ನಡೆಯುತ್ತದೆ. ಇದನ್ನು ಮುಸ್ಲಿಮರಾಗಿ ನಾವು ಅನುಭವಿಸಿದ್ದೇವೆ. ನಮ್ಮವರೂ ಹಾಗೆ ಕಳಿಸಿದ್ದಾರೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನು, ಯಾರು ಹುತಾತ್ಮ ಎಂದು ತೀರ್ಮಾನಿಸುವವರು ಯಾರು? ವೆರೊನಾದ ಪೀಟರ್ ಎಂಬ ಸನ್ಯಾಸಿಯನ್ನು 1252ರಲ್ಲಿ ಮಿಲಾನಿನ ದಾರಿಯ ಕಾಡಿನಲ್ಲಿ ಕೊಂದರು. ಒಂದು ವರ್ಷ ತುಂಬುವುದರೊಳಗೆ ಆತನನ್ನು ಸಂತನೆಂದು ಘೋಷಿಸಲಾಯಿತು. ಆದರೆ ಆತ ಭಿನ್ನಮತೀಯರನ್ನು ವಿಚಾರಣೆಗೆ ಎಳೆಯುವ ಅಧಿಕಾರಿಯೂ ಆಗಿದ್ದ. ಒಬ್ಬರ ಹುತಾತ್ಮ ಇನ್ನೊಬ್ಬರಿಗೆ ಪೀಡಕ. 1498ರಲ್ಲಿ ಸವೊನರೋಲ ಎಂಬ ಉಗ್ರ ಸುಧಾರಕನನ್ನು ಧರ್ಮದ್ರೋಹಿಯೆಂದು ಫ್ಲಾರೆನ್ಸಿನ ಚೌಕದಲ್ಲಿ ನೇಣಿಗೇರಿಸಿ ಸುಟ್ಟರು. ಸುಮಾರು ಹತ್ತು ವರ್ಷಗಳ ನಂತರ ಆತನ ಅನುಯಾಯಿ, ಹಿಂದೆ ಹೇಳಿದ ಅದೇ ಫ್ರಾ ಬಾರ್ತೊಲೊಮಿಯೊ, ಗುರುವಿನ ಭಾವಚಿತ್ರ ಬರೆದ. ತಲೆಯ ಮೇಲೆ ಹರಿತವಾದ ಗಾಯ. ಅದು ಸಂತ ಪೀಟರನ ಗುರುತು. ಸಭೆ ಧರ್ಮದ್ರೋಹಿ ಎಂದವನಿಗೆ ಶಿಷ್ಯ ಹುತಾತ್ಮನ ಗಾಯ ಕೊಟ್ಟ. ಒಂದು ಭಾವಚಿತ್ರ ಒಂದು ನ್ಯಾಯಾಲಯದ ತೀರ್ಪನ್ನು ಹೀಗೆ ಮೌನವಾಗಿ ತಿರಸ್ಕರಿಸಿತು.

ಇದೇ ಪೀಟರನ ಕೊಲೆಯನ್ನು ವೆನಿಸ್ಸಿನ ಬೆಲ್ಲಿನಿ 1507ರ ಸುಮಾರಿಗೆ ಬರೆದ. ಲಂಡನ್ನಿನ ರಾಷ್ಟ್ರೀಯ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಮುಂದೆ ಕೊಲೆ ನಡೆಯುತ್ತಿದೆ, ಹಿಂದೆ ಕಾಡಿನಲ್ಲಿ ಮರ ಕಡಿಯುವವರು ತಮ್ಮ ಪಾಡಿಗೆ ಕೊಡಲಿ ಬೀಸುತ್ತಿದ್ದಾರೆ. ಕೊಲ್ಲುವ ಕೈಯೂ ದುಡಿಯುವ ಕೈಯೂ ಒಂದೇ ಭಂಗಿಯಲ್ಲಿ ಮೇಲೆದ್ದಿವೆ. ಯಾರೂ ತಿರುಗಿ ನೋಡುವುದಿಲ್ಲ. ಒಂದು ಕೊಲೆಗೆ ಕೊಂದವರಷ್ಟೇ ಸಾಲುವುದಿಲ್ಲ, ತಿರುಗಿ ನೋಡದವರೂ ಬೇಕು. ಐನೂರು ವರ್ಷದ ಹಿಂದಿನ ಈ ಹಲಗೆಯಷ್ಟು ನಮ್ಮನ್ನು ಕಾಡಿದ ಚಿತ್ರ ಬೇರೊಂದಿಲ್ಲ. ಪೀಟರನನ್ನು ಕೊಂದ ಕಾರಿನೊ ಮುಂದೆ ಪಶ್ಚಾತ್ತಾಪಪಟ್ಟು ಅದೇ ಸನ್ಯಾಸಿಗಳ ಮಠ ಸೇರಿದ ಎಂಬ ಸಂಗತಿಯನ್ನೂ ಇಲ್ಲಿ ನೆನೆಯಬೇಕು.

ಇವೆಲ್ಲ ದೂರದ ಇಟಲಿಯ ಮಾತು ಎನ್ನುವಂತಿಲ್ಲ. ಈ ಚಿತ್ರಗಳು ಮೊಸ್ಕೇನಿಗಿಂತ ಮುನ್ನೂರು ವರ್ಷ ಮೊದಲೇ ಭಾರತಕ್ಕೆ ಬಂದಿದ್ದವು, ಅದೂ ಒಬ್ಬ ಮುಸ್ಲಿಮ್ ಬಾದಶಹನ ಆಹ್ವಾನದ ಮೇಲೆ. ಅಕ್ಬರ್ ಗೋವೆಯಿಂದ ಜೆಸುಯಿಟ್ ಪಾದ್ರಿಗಳನ್ನು ಕರೆಸಿಕೊಂಡ. 1580ರಲ್ಲಿ ಫತೇಪುರ್ ಸಿಕ್ರಿಗೆ ಬಂದ ತಂಡದ ಮುಖ್ಯಸ್ಥ ರುಡಾಲ್ಫ್ ಅಕ್ವಾವಿವ. ಅವರು ತಂದ ಗ್ರಂಥಗಳಲ್ಲೂ ಹಾಳೆಗಳಲ್ಲೂ ಯುರೋಪಿನ ಅಚ್ಚುಚಿತ್ರಗಳಿದ್ದವು. ಮೊಗಲ್ ಚಿತ್ರಶಾಲೆಯ ಕಲಾವಿದರು ಅಂಥ ಚಿತ್ರಗಳನ್ನು ಕುತೂಹಲದಿಂದ ನೋಡಿ ತಮ್ಮ ಕುಂಚದಲ್ಲಿ ಮತ್ತೆ ಬರೆದರು. 17ನೇ ಶತಮಾನದ ಆರಂಭದಲ್ಲಿ ನೀನಿ ಎಂಬ ಕಲಾವಿದರು ಬರೆದ ಸಂತ ಸಿಸಿಲಿಯಾಳ ಹುತಾತ್ಮ ಮರಣದ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ರೋಮಿನ ಹೆಣ್ಣುಮಗಳೊಬ್ಬಳ ಸಾವನ್ನು ಮೊಗಲ್ ದರ್ಬಾರಿನಲ್ಲಿ ಕೂತು ಗೌರವದಿಂದ ಬರೆಯಬಹುದಿತ್ತು. ಅದರಿಂದ ಯಾರ ಧರ್ಮಕ್ಕೂ ಕುಂದು ಬರಲಿಲ್ಲ.

ಅಕ್ವಾವಿವ ಮಾತ್ರ 1583ರಲ್ಲಿ ಗೋವೆಗೆ ಮರಳಿದವರೇ ದಕ್ಷಿಣ ಗೋವೆಯ ಕುಂಕಳ್ಳಿ ಎಂಬ ಊರಿನಲ್ಲಿ ಇತರ ನಾಲ್ವರು ಜೆಸುಯಿಟರೊಂದಿಗೆ ಕೊಲೆಯಾದರು. ಕೊಂದವರು ಊರ ಜನ. ಅವರ ದೇವಾಲಯಗಳನ್ನು ಪೋರ್ಚುಗೀಸರು ಕೆಡವಿದ್ದರು. ಕೊಲೆಯ ನಂತರ ಪೋರ್ಚುಗೀಸರು ಮಾತುಕತೆಗೆಂದು ಕರೆದು ಊರಿನ ಮುಖಂಡರನ್ನು ಕೊಂದರು. 1893ರಲ್ಲಿ ಕ್ಯಾಥೋಲಿಕ್ ಸಭೆ ಅಕ್ವಾವಿವ ಮತ್ತು ಸಂಗಡಿಗರನ್ನು ಧನ್ಯರೆಂದು ಘೋಷಿಸಿತು. ಇಂದು ಅದೇ ಊರಿನಲ್ಲಿ ಆ ಮುಖಂಡರಿಗೂ ಸ್ಮಾರಕವಿದೆ. ಒಂದೇ ಊರು, ಎರಡು ಬಗೆಯ ಹುತಾತ್ಮರು. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಬರೆಯುವ ಚಿತ್ರಕಾರ ಹುಟ್ಟಿದರೆ ಅದು ಬೆಲ್ಲಿನಿಯ ಚಿತ್ರಕ್ಕಿಂತ ಕಷ್ಟದ ಕೆಲಸವಾದೀತು. ಆದರೆ ನಮ್ಮ ನಾಡಿಗೆ ಬೇಕಾಗಿರುವುದು ಅಂಥ ಚಿತ್ರ.

ಹಾಗಾದರೆ ಒಳ್ಳೆಯ ಹುತಾತ್ಮ ಚಿತ್ರ ಯಾವುದು? ನಮಗೆ ಎರಡು ಉದಾಹರಣೆಗಳು ಹೊಳೆಯುತ್ತವೆ. ಎರಡರ ನಂಟೂ ನಮ್ಮ ಕರಾವಳಿಗಿದೆ.

ಮೊದಲನೆಯದು ಸಂತ ಲಾರೆನ್ಸ್. ಕಾರ್ಕಳದ ಅತ್ತೂರಿನಲ್ಲಿರುವ ಈ ಸಂತನ ಇಗರ್ಜಿಯ ಜನವರಿ ಹಬ್ಬಕ್ಕೆ ಎಲ್ಲ ಧರ್ಮದ ಜನ ಮೇಣದಬತ್ತಿ ಹಿಡಿದು ಬರುತ್ತಾರೆ. 258ರಲ್ಲಿ ರೋಮಿನಲ್ಲಿ ಲಾರೆನ್ಸನನ್ನು ಕಾದ ಕಬ್ಬಿಣದ ಝರಡಿಯ ಮೇಲೆ ಸುಟ್ಟು ಕೊಂದರು ಎಂಬುದು ನಂಬಿಕೆ. ಇಗರ್ಜಿಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಆಜ್ಞಾಪಿಸಿದಾಗ ಆತ ಊರಿನ ಬಡವರು, ಕುರುಡರು, ಕುಂಟರನ್ನು ಕರೆತಂದು ಇವರೇ ನಮ್ಮ ಸಂಪತ್ತು ಎಂದನಂತೆ. ವ್ಯಾಟಿಕನ್ನಿನಲ್ಲಿ ಪೋಪ್ ಐದನೆಯ ನಿಕೊಲಾಸ್‌ಗಾಗಿ 1440ರ ದಶಕದ ಕೊನೆಯಲ್ಲಿ ಫ್ರಾ ಏಂಜೆಲಿಕೊ ಈ ಕಥೆಯನ್ನು ಬರೆದ. ಸುಡುವ ದೃಶ್ಯವೂ ಅಲ್ಲಿದೆ. ಆದರೆ ನೆನಪಿನಲ್ಲಿ ಉಳಿಯುವುದು ಇನ್ನೊಂದು ದೃಶ್ಯ. ಇಗರ್ಜಿಯ ಬಾಗಿಲಲ್ಲಿ ನಿಂತ ಲಾರೆನ್ಸ್ ಕಾಸು ಹಂಚುತ್ತಿದ್ದಾನೆ. ಕಾಲಿಲ್ಲದವನು ನೆಲದ ಮೇಲೆ ಕುಳಿತು ಕೈಚಾಚಿದ್ದಾನೆ, ಕುರುಡನು ಕೋಲು ಊರುತ್ತ ಬರುತ್ತಿದ್ದಾನೆ, ಕೂಸನ್ನು ಎತ್ತಿಕೊಂಡ ತಾಯಿ ನಿಂತಿದ್ದಾಳೆ. ಯಾತಕ್ಕಾಗಿ ಸತ್ತ ಎಂಬುದನ್ನು ಈ ಚಿತ್ರ ಹೇಳುತ್ತದೆ. ಹೇಗೆ ಸತ್ತ ಎಂಬುದಕ್ಕಿಂತ ಅದು ದೊಡ್ಡ ಸಂಗತಿ.

ಎರಡನೆಯದಕ್ಕೆ ಮಂಗಳೂರಿನ ಚಾಪೆಲ್‌ಗೇ ಮರಳಬೇಕು. ಅದರ ಛಾವಣಿಯ ನಡುಸಾಲಿನಲ್ಲಿ ಮೊಸ್ಕೇನಿ ಬರೆದಿರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಮಾಂಟೆನ್ಯಾನನ್ನು ಸಾಕಿದ ಅದೇ ಗೊನ್ಜಾಗ ವಂಶದ ಕುಡಿ ಈತ. 1568ರಲ್ಲಿ ಹುಟ್ಟಿದ ಈ ಹಿರಿಯ ಮಗ 1585ರಲ್ಲಿ ಸಂಸ್ಥಾನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸುಯಿಟ್ ಸಂಘ ಸೇರಿದ. ಆಗ ಆ ಸಂಘದ ಮುಖ್ಯಸ್ಥರಾಗಿದ್ದವರು ಕುಂಕಳ್ಳಿಯಲ್ಲಿ ಸತ್ತ ಅಕ್ವಾವಿವನ ಚಿಕ್ಕಪ್ಪ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಬಂದಾಗ ರೋಗಿಗಳನ್ನು ಬೀದಿಯಿಂದ ಹೊತ್ತು ತಂದು ಆರೈಕೆ ಮಾಡಿದ, ರೋಗ ತಗುಲಿ 23ನೇ ವಯಸ್ಸಿಗೆ ತೀರಿಕೊಂಡ. ಆತನನ್ನು ಯಾರೂ ಕೊಲ್ಲಲಿಲ್ಲ. ಹೀಗಾಗಿ ಕಟ್ಟುನಿಟ್ಟಾದ ಅರ್ಥದಲ್ಲಿ ಆತ ಹುತಾತ್ಮನಲ್ಲ. ಆದರೆ ಒಂದು ಸಂಗತಿ ನೋಡಿ: ಸೆಬಾಸ್ಟಿಯನ್ನನ ಚಿತ್ರಗಳನ್ನು ಜನ ಅಷ್ಟೊಂದು ಬರೆಸಿದ್ದು ಪ್ಲೇಗಿನ ಭಯದಿಂದ. ಪ್ಲೇಗನ್ನು ಆಕಾಶದಿಂದ ಬೀಳುವ ಬಾಣಗಳೆಂದು ಭಾವಿಸಿ, ಬಾಣ ತಡೆದುಕೊಂಡವನ ಮೊರ��ಹೋದರು. ಗೊನ್ಜಾಗ ಮನೆತನದ ಹಿರಿಯರಿಗೆ ಆಸ್ಥಾನದ ಕುಂಚ ಸೆಬಾಸ್ಟಿಯನ್ನನನ್ನು ಬರೆದುಕೊಟ್ಟಿತು. ನೂರು ವರ್ಷಗಳ ನಂತರ ಅದೇ ವಂಶದ ಹುಡುಗ ಚಿತ್ರದ ಮುಂದೆ ನಿಂತು ಬೇಡಲಿಲ್ಲ, ರೋಗಿಯನ್ನು ಹೆಗಲಿಗೆ ಹಾಕಿಕೊಂಡ. ಮೊಸ್ಕೇನಿ ಕೂಡ ಅಲೋಶಿಯಸ್ಸನ ರೋಗಿಸೇವೆಯನ್ನು ಚಿತ್ರಿಸಿದ್ದಾರೆ. 2020-21ರ ಕೋವಿಡ್ ಕಾಲದಲ್ಲಿ ಮುಟ್ಟಲು ಹೆದರಿದ ಶವಗಳನ್ನು ಜಾತಿ ಧರ್ಮ ನೋಡದೆ ಹೊತ್ತ ತರುಣರನ್ನು ಕಂಡ ನಮಗೆ, ಆ ಚಿತ್ರದ ಮುಂದೆ ನಿಂತರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಈಗ ಮತ್ತೆ ದೇವಿಕೊಪ್ಪ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ ಎಂದರೆ ಊರ ಹಬ್ಬ. ಮುಸ್ಲಿಮರ ಒಂದೂ ಮನೆಯಿಲ್ಲದ ಊರುಗಳಲ್ಲಿಯೂ ಪಂಜಾ ಕೂರಿಸುತ್ತಾರೆ, ಸಕ್ಕರೆ ಓದಿಸುತ್ತಾರೆ, ಕನ್ನಡದ ರಿವಾಯತ್ ಪದ ಹಾಡುತ್ತಾರೆ. ಈ ಆಚರಣೆಗಳ ಬಗ್ಗೆ ಮುಸ್ಲಿಮರಲ್ಲೇ ಭಿನ್ನಾಭಿಪ್ರಾಯವಿದೆ, ಅದು ಇಲ್ಲಿನ ಚರ್ಚೆಯಲ್ಲ. ನಾವು ಗಮನಿಸುವುದು ಒಂದನ್ನೇ. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದ ಇಮಾಮ್ ಹುಸೈನರ ಭಾವಚಿತ್ರ ಅಲ್ಲಿ ಇಲ್ಲ. ಇರಾನಿನಲ್ಲಿ ಕರ್ಬಲಾದ ಕಥೆಯನ್ನು ದೊಡ್ಡ ಪರದೆಗಳ ಮೇಲೆ ಬರೆದು ಅದರ ಮುಂದೆ ನಿಂತು ಹೇಳುವ ಸಂಪ್ರದಾಯವುಂಟು. ನಮ್ಮ ಹಳ್ಳಿಗಳಲ್ಲಿ ಅದೂ ಇಲ್ಲ. ಇರುವುದು ಲೋಹದ ಒಂದು ಹಸ್ತ. ಅದಕ್ಕೆ ಮುಖವಿಲ್ಲ, ಗಾಯವಿಲ್ಲ. ಕೊಂದ ಯಜೀದನ ಚಿತ್ರವಂತೂ ಇಲ್ಲವೇ ಇಲ್ಲ. ನೋವೆಲ್ಲ ಹಾಡಿನಲ್ಲಿದೆ. ನೀರಿಲ್ಲದೆ ಒಣಗಿದ ಮಕ್ಕಳ ಬಾಯಿ, ಬರಿದಾದ ಡೇರೆ, ಹಿಂದಿರುಗದ ಕುದುರೆಸವಾರ, ಎಲ್ಲವನ್ನೂ ಕಿವಿಯಿಂದ ಕೇಳಬೇಕು. ಮುಖವನ್ನು ಕೇಳುವವರೇ ಕಲ್ಪಿಸಿಕೊಳ್ಳಬೇಕು. ಒಬ್ಬ ತಾಯಿ ತನ್ನ ಸತ್ತ ಮಗನ ಮುಖವನ್ನು ಅಲ್ಲಿ ಕಂಡರೆ ತಡೆಯುವವರಿಲ್ಲ. ಅದಕ್ಕೇ ಇರಬೇಕು, ಆ ನೋವು ಯಾವ ಒಂದು ಸಮುದಾಯದ ಸ್ವತ್ತಾಗದೆ ಊರಿಗೆಲ್ಲ ಸೇರಿದೆ.

ಚಿತ್ರವಿಲ್ಲದ್ದು ಚಿತ್ರಕ್ಕಿಂತ ಮೇಲು ಎಂದು ನಾವು ಹೇಳುತ್ತಿಲ್ಲ. ಟ್ರೆಂಟ್‌ನ ಅಚ್ಚುಚಿತ್ರ ಮಾಡಿದ್ದನ್ನು ಮಾತೂ ಮಾಡಬಲ್ಲದು, ಹಾಡೂ ಮಾಡಬಲ್ಲದು. ಕರ್ಬಲಾದ ಹೆಸರಿನಲ್ಲಿ ಪರಸ್ಪರ ಕೊಂದುಕೊಂಡವರೂ ಇದ್ದಾರೆ. ರಾಫೆಲ್ಲನ ಬಾಣ, ಏಂಜೆಲಿಕೊ ಬರೆದ ಬಡವರ ಸಾಲು, ಕಲಘಟಗಿ ಕಡೆಯ ಪಂಜಾ, ಈ ಮೂರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಎಚ್ಚರವನ್ನು ಪಾಲಿಸಿವೆ. ಸತ್ತವನನ್ನು ತೋರಿಸುವಾಗ ನೋಡುವವನ ಕೈಗೆ ಕಲ್ಲು ಕೊಡಬಾರದು ಎಂಬ ಎಚ್ಚರ ಅದು.

ಹಬ್ಬ ಮುಗಿದ ಮರುದಿನ ನಾವು ಹೊರಡುವಾಗ ಕ್ಯಾಲೆಂಡರ್ ಪಡಸಾಲೆಯ ಗೋಡೆಗೆ ಏರಿತ್ತು. ದೇವರ ಜಗಲಿಯ ಹತ್ತಿರವಲ್ಲ, ಅಜ್ಜಿ ದಿನವೂ ಕೂರುವ ಜಾಗದ ಎದುರಿಗೆ. ಅಲ್ಲಿ ಯಾಕೆ ಎಂದು ಕೇಳಿದೆವು.

“ರಾತ್ರಿ ಪದ ಕೇಳ್ಕೋತ ಕುಂತಾಗ ತಿಳೀತ್ ನೋಡ್ರಿ. ಇಂವಗ ನೋವ ಆಗೇತಿ. ಹೊಡದಾವ್ರ ಮುಂದ ತೋರ್ಸಂಗಿಲ್ಲ, ಅಷ್ಟ” ಎಂದರು ಅಜ್ಜಿ.